ಕೂಸು ಕೈಗೆ ಬಂದ ಮೇಲೆ

1999ರಲ್ಲಿ ಅಮೆರಿಕದ ಟೆಕ್ಸಸ್ ರಾಜ್ಯ ಕಂಗೆಟ್ಟಿತ್ತು. ಹೂಸ್ಟನ್ ನಗರದ ಆಸುಪಾಸಿನಲ್ಲಿ ಹತ್ತೇ ತಿಂಗಳಲ್ಲಿ 13 ಹಸುಗೂಸುಗಳನ್ನು ಯಾರೋ ಎಲ್ಲೆಲ್ಲೋ ಬಿಟ್ಟುಹೋಗಿದ್ದರು. ಕೆಲವು ಕೂಸುಗಳು ಜನರ ಕಣ್ಣಿಗೆ ಬೀಳುವಷ್ಟರಲ್ಲಿ ಉಸಿರು ನಿಲ್ಲಿಸಿದ್ದವು. ಹೆತ್ತವಳನ್ನು ಹುಡುಕಿ ಜೈಲಿಗೆ ಹಾಕುವುದಕ್ಕೆ ಕಾನೂನಿತ್ತು. ಹೆತ್ತವಳು ಕೂಸನ್ನು ಕಸದ ತೊಟ್ಟಿಗೆ ಒಯ್ಯುವ ಮೊದಲು ಇನ್ನೊಂದು ದಾರಿ ತೋರಿಸುವ ಕಾನೂನಿರಲಿಲ್ಲ. ಆ ವರ್ಷ ಶಾಸನಸಭೆಯ ಸದಸ್ಯೆ ಜೀನಿ ಮಾರಿಸನ್ ಒಂದು ಮಸೂದೆ ತಂದರು, ಆಗ ಗವರ್ನರ್ ಆಗಿದ್ದ ಜಾರ್ಜ್ ಡಬ್ಲ್ಯೂ. ಬುಷ್ ಅದಕ್ಕೆ ಸಹಿ ಹಾಕಿದರು. ನೈಲ್ ನದಿಯಲ್ಲಿ ಬುಟ್ಟಿಯಲ್ಲಿ ತೇಲಿಬಂದ ಬೈಬಲಿನ ಮೋಸೆಸ್‌ನ ನೆನಪಿಗೆ ಜನ ಅದನ್ನು ‘ಬೇಬಿ ಮೋಸೆಸ್’ ಕಾಯ್ದೆ ಎಂದು ಕರೆದರು.

ಈ ಕಾಯ್ದೆ ಕೂಸನ್ನು ಇಸಿದುಕೊಳ್ಳುವ ಕೆಲಸವನ್ನು ಪೊಲೀಸರಿಗೆ ಕೊಡಲಿಲ್ಲ. ತುರ್ತು ವೈದ್ಯಕೀಯ ಸೇವೆಯವರಿಗೆ ಕೊಟ್ಟಿತು. 30 ದಿನ ಮೀರದ ಕೂಸನ್ನು ತಾಯಿಯೋ ತಂದೆಯೋ ತಂದು ಕೊಟ್ಟರೆ, ಕೋರ್ಟಿನ ಆದೇಶಕ್ಕೆ ಕಾಯದೆ ತೆಗೆದುಕೊಳ್ಳಬೇಕು, ಅದರ ಜೀವಕ್ಕೆ ಬೇಕಾದ ಆರೈಕೆಯನ್ನು ಕೂಡಲೇ ಮಾಡಬೇಕು. ಒಂದು ವರ್ಷ ಮೊದಲು, 1998ರಲ್ಲಿ, ಅಲಬಾಮದ ಮೊಬೀಲ್ ಊರಿನಲ್ಲಿ ಟಿವಿ ವರದಿಗಾರ್ತಿ ಜೋಡಿ ಬ್ರೂಕ್ಸ್ ಮತ್ತು ಜಿಲ್ಲೆಯ ಸರ್ಕಾರಿ ವಕೀಲ ಜಾನ್ ಟೈಸನ್ ಸೇರಿ ಆಸ್ಪತ್ರೆಗಳೊಂದಿಗೆ ಇಂಥದೇ ಒಪ್ಪಂದ ಮಾಡಿಕೊಂಡಿದ್ದರು: ಕೂಸನ್ನು ಸುರಕ್ಷಿತವಾಗಿ ತಂದುಕೊಟ್ಟವಳ ಮೇಲೆ ಕೇಸಿಲ್ಲ. ಟೆಕ್ಸಸ್ ಅದನ್ನು ಕಾನೂನು ಮಾಡಿತು. ಹತ್ತು ವರ್ಷ ತುಂಬುವುದರೊಳಗೆ ಅಮೆರಿಕದ 50 ರಾಜ್ಯಗಳಲ್ಲೂ ಇಂಥ ಕಾನೂನು ಬಂದಿತ್ತು.

ಏನೂ ಕೇಳದೆ ಕೂಸನ್ನು ಇಸಿದುಕೊಳ್ಳುವ ಏರ್ಪಾಡು ಮಾತ್ರ ಹಳೆಯದು. ಅದರ ಹಿಂದೆ ಎಂಟುನೂರು ವರ್ಷದ ಕಥೆಯಿದೆ. ಬಾಗಿಲು ತೆರೆಯುವುದು ಸುಲಭವಿತ್ತು, ಬಾಗಿಲ ಒಳಗೆ ನಿಂತವರಿಗೆ ಕೂಸನ್ನು ಬದುಕಿಸಿಕೊಳ್ಳುವುದು ಗೊತ್ತಿರಲಿಲ್ಲ ಎಂಬುದೇ ಆ ಕಥೆಯ ಹೆಚ್ಚಿನ ಭಾಗ.

ರೋಮಿನ ಟೈಬರ್ ನದಿಯಲ್ಲಿ ಬೆಸ್ತರ ಬಲೆಗೆ ಮೀನಿನ ಬದಲು ಕೂಸುಗಳ ಹೆಣ ಬೀಳುತ್ತಿದ್ದವಂತೆ. ಅದನ್ನು ಕೇಳಿ ನೊಂದ ಮೂರನೇ ಇನ್ನೊಸೆಂಟ್ ಪೋಪ್ 1198ರಲ್ಲಿ ಸಾಂತೊ ಸ್ಪಿರಿತೊ ಆಸ್ಪತ್ರೆಯ ಗೋಡೆಯಲ್ಲಿ ತಿರುಗುವ ಪೆಟ್ಟಿಗೆಯೊಂದನ್ನು ಇಡಿಸಿದ ಎಂಬುದು ಐತಿಹ್ಯ. ಪೆಟ್ಟಿಗೆಯ ಕೆಲಸ ಸರಳ. ಬೀದಿಯ ಕಡೆ ತೆರೆದ ಮಗ್ಗುಲಿನಲ್ಲಿ ಕೂಸನ್ನು ಮಲಗಿಸಿ, ಪೆಟ್ಟಿಗೆಯನ್ನು ತಿರುಗಿಸಿ, ಗಂಟೆ ಬಾರಿಸಿ ಹೊರಟುಹೋಗಬಹುದು. ಒಳಗಿದ್ದ ದಾದಿಗೆ ಕೂಸು ಸಿಗುತ್ತದೆ, ತಂದವರ ಮುಖ ಕಾಣುವುದಿಲ್ಲ.

ಫ್ಲಾರೆನ್ಸಿನ ಕಥೆಗೆ ಐತಿಹ್ಯದ ಆಸರೆ ಬೇಕಿಲ್ಲ, ಅಲ್ಲಿ ದಾಖಲೆಗಳೇ ಇವೆ. ರೇಷ್ಮೆ ವರ್ತಕರ ಸಂಘದ ಹಣದಲ್ಲಿ, ಬ್ರುನೆಲ್ಲೆಸ್ಕಿಯ ವಿನ್ಯಾಸದಲ್ಲಿ, 1419ರಲ್ಲಿ ಅಲ್ಲಿ ಇನ್ನೊಸೆಂಟಿ ಆಸ್ಪತ್ರೆಯ ಕಟ್ಟಡ ಶುರುವಾಯಿತು. 1445ರ ಫೆಬ್ರವರಿ 5ರಂದು ಮೊದಲ ಕೂಸು ಬಂತು, ಹೆಣ್ಣು. ಅಗಾತಾ ಸ್ಮೆರಾಲ್ಡಾ ಎಂದು ಹೆಸರಿಟ್ಟರು. ಮುಂದೆ ಕಟ್ಟಡದ ಮುಂಭಾಗದ ಕಮಾನುಗಳ ನಡುವೆ ಶಿಲ್ಪಿ ಆಂಡ್ರಿಯಾ ದೆಲ್ಲಾ ರೊಬ್ಬಿಯಾ ಬಟ್ಟೆ ಸುತ್ತಿದ ಕೂಸುಗಳ ನೀಲಿ ಬಿಲ್ಲೆಗಳನ್ನು ಕೂರಿಸಿದ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ಲಾಂಛನದಲ್ಲಿ ಇಂದಿಗೂ ಇರುವುದು ಆ ಕೂಸೇ.

ಇನ್ನೊಸೆಂಟಿಯ ಸಂಗ್ರಹದಲ್ಲಿ ಅರ್ಧ ನಾಣ್ಯ, ಅರ್ಧ ಪದಕಗಳಿವೆ. ಕೂಸನ್ನು ಬಿಡುವಾಗ ತಾಯಿ ಒಂದು ಪದಕವನ್ನು ಎರಡು ತುಂಡು ಮಾಡಿ ಒಂದನ್ನು ಕೂಸಿನ ಕೊರಳಿಗೆ ಕಟ್ಟುತ್ತಿದ್ದಳು, ಇನ್ನೊಂದನ್ನು ತಾನು ಇಟ್ಟುಕೊಳ್ಳುತ್ತಿದ್ದಳು. ಕಾಲ ಕೂಡಿಬಂದರೆ ಮರಳಿ ಬಂದು, ಎರಡು ತುಂಡುಗಳನ್ನು ಜೋಡಿಸಿ ತೋರಿಸಿ, ಮಗುವನ್ನು ಕೇಳಬಹುದೆಂಬ ಆಸೆ. ಬಹುಪಾಲು ತುಂಡುಗಳಿಗೆ ಜೋಡಿ ಸಿಗಲೇ ಇಲ್ಲ. ಬಿಟ್ಟುಹೋದವಳಿಗೆ ಕರುಳೇ ಇರಲಿಲ್ಲ ಎಂದು ತೀರ್ಪು ಕೊಡುವವರು ಆ ಅರ್ಧ ಪದಕಗಳ ಮುಂದೆ ಒಂದು ಗಳಿಗೆ ನಿಲ್ಲಬೇಕು.

ಒಳಗೆ ಹೋದ ಕೂಸಿನ ಗತಿ ಏನಾಗುತ್ತಿತ್ತು? ಹಾಲೇ ದೊಡ್ಡ ಸಮಸ್ಯೆ. ಶೀಶೆ ಕುದಿಸಬೇಕೆಂಬ ಅರಿವು, ಶಿಶು ಆಹಾರದ ಪುಡಿ, ಯಾವುದೂ ಇಲ್ಲದ ಕಾಲ. ಹಾಲೂಡುವ ಹೆಂಗಸು ಸಿಕ್ಕರೆ ಕೂಸಿಗೆ ಉಳಿಗಾಲ. ಬ್ರೆಡ್ಡು ನೆನೆಸಿದ ನೀರಿನ ಗಂಜಿಯೇ ಗತಿಯಾದರೆ ಸಾವು. ಆಸ್ಪತ್ರೆಗಳು ಹಳ್ಳಿಯ ಬಾಣಂತಿಯರಿಗೆ ಸಂಬಳ ಕೊಟ್ಟು ಕೂಸುಗಳನ್ನು ಕಳಿಸುತ್ತಿದ್ದವು. ಆ ಪ್ರಯಾಣದಲ್ಲೇ ಅನೇಕ ಕೂಸುಗಳು ಹೋಗಿಬಿಡುತ್ತಿದ್ದವು.

ಇದರ ಅತ್ಯಂತ ಕಟುವಾದ ಪಾಠ ಲಂಡನ್ನಿನದು. ಹಡಗಿನ ಕಪ್ತಾನನಾಗಿದ್ದ ಥಾಮಸ್ ಕೋರಮ್ ಬೀದಿ ಬದಿಯ ಕೂಸುಗಳನ್ನು ನೋಡಲಾಗದೆ ಹದಿನೇಳು ವರ್ಷ ಸಿರಿವಂತರ ಮನೆ ಬಾಗಿಲು ತಟ್ಟಿ, 1739ರಲ್ಲಿ ರಾಜನ ಸನ್ನದು ಪಡೆದ. 1741ರ ಮಾರ್ಚ್ 25ರಂದು ಫೌಂಡ್ಲಿಂಗ್ ಆಸ್ಪತ್ರೆ ತೆರೆಯಿತು. ಬಂದ ತಾಯಂದಿರು ಎಷ್ಟು ಮಂದಿಯೆಂದರೆ ಮರುವರ್ಷವೇ ಚೀಟಿ ಎತ್ತುವ ಪದ್ಧತಿ ತರಬೇಕಾಯಿತು. ಕೂಸನ್ನು ಎತ್ತಿಕೊಂಡ ತಾಯಿ ಚೀಲದೊಳಗೆ ಕೈಹಾಕಿ ಒಂದು ಗೋಲಿ ತೆಗೆಯಬೇಕು. ಬಿಳಿಯದು ಬಂದರೆ ಕೂಸು ಒಳಗೆ. ಕೆಂಪು ಬಂದರೆ ಕಾಯಬೇಕು. ಒಳಗೆ ಕರೆದ ಕೂಸಿಗೆ ರೋಗವಿದ್ದು ವಾಪಸು ಕಳಿಸಿದರೆ ಆ ಜಾಗ ಇವಳದ್ದು. ಕರಿಯದು ಬಂದರೆ ಬಂದ ದಾರಿಯಲ್ಲೇ ಹಿಂದಕ್ಕೆ.

ಆಸ್ಪತ್ರೆಗೆ ಕೊಡುಗೆ ಕೊಟ್ಟವರು ದೊಡ್ಡವರು. ಸಂಗೀತಗಾರ ಹ್ಯಾಂಡೆಲ್ ತನ್ನ ‘ಮೆಸ್ಸಾಯ’ ಕೃತಿಯನ್ನು ಅಲ್ಲಿ ನುಡಿಸಿ ಹಣ ಎತ್ತಿಕೊಟ್ಟ. ವೈದ್ಯ ವಿಲಿಯಂ ಕ್ಯಾಡೊಗನ್ 1748ರಲ್ಲಿ ಆಡಳಿತಗಾರರಿಗೆ ಬರೆದ ಪ್ರಬಂಧದಲ್ಲಿ ಕೂಸನ್ನು ಬಿಗಿಯಾಗಿ ಸುತ್ತಬೇಡಿ, ಮೊಲೆಹಾಲು ಕೊಡಿಸಿ ಎಂದು ಹೇಳಿದ. ಆ ಕಾಲಕ್ಕೆ ಅದು ಹೊಸ ಮಾತು. ಗುರುತಿನ ವಿಷಯದಲ್ಲೂ ಆಸ್ಪತ್ರೆ ಜಾಗರೂಕವಾಗಿತ್ತು. ತಾಯಿ ಕೊಟ್ಟ ಗುರುತು, ಇಲ್ಲವೆ ಕೂಸಿನ ಬಟ್ಟೆಯಿಂದ ಕತ್ತರಿಸಿದ ಚೂರು ಆ ಕೂಸಿನ ದಾಖಲೆಗೆ ಅಂಟಿಕೊಂಡಿರುತ್ತಿತ್ತು. ಹೂವಿನ ಚೀಟು, ಪಟ್ಟೆಪಟ್ಟೆ ಲಿನನ್, ಕಸೂತಿಯ ತುಂಡು, ರಿಬ್ಬನ್ನು. ಹೀಗೆ ಉಳಿದ ಸುಮಾರು 5,000 ಬಟ್ಟೆ ಚೂರುಗಳು ಹದಿನೆಂಟನೇ ಶತಮಾನದ ಬಡವರು ಏನು ಉಡುತ್ತಿದ್ದರು ಎಂಬುದಕ್ಕೆ ಇಂದು ಬ್ರಿಟನ್ನಿನಲ್ಲಿರುವ ದೊಡ್ಡ ಸಾಕ್ಷಿ.

1756ರಲ್ಲಿ ಪಾರ್ಲಿಮೆಂಟು ಹಣ ಕೊಡಲು ಒಪ್ಪಿತು. ಷರತ್ತು ಒಂದೇ: ಬಂದ ಕೂಸನ್ನೆಲ್ಲ ತೆಗೆದುಕೊಳ್ಳಬೇಕು. ಜೂನ್ 2ರಂದು ಬಾಗಿಲು ಎಲ್ಲರಿಗೂ ತೆರೆಯಿತು, ಅವತ್ತೊಂದೇ ದಿನ 117 ಕೂಸುಗಳು ಬಂದವು. ದೂರದ ಊರುಗಳಿಂದ ಕೂಸುಗಳನ್ನು ಬುಟ್ಟಿಗಳಲ್ಲಿ ತುಂಬಿ ತರುವುದನ್ನೇ ಕೆಲವರು ಕಸುಬು ಮಾಡಿಕೊಂಡರು. ನಾಲ್ಕು ವರ್ಷ ತುಂಬುವ ಮೊದಲೇ, 1760ರ ಮಾರ್ಚಿನಲ್ಲಿ, ಪಾರ್ಲಿಮೆಂಟು ಕೈ ಎಳೆದುಕೊಂಡಿತು. ಅಷ್ಟರಲ್ಲಿ ಬಂದ ಕೂಸುಗಳು ಸುಮಾರು 15,000. ಸತ್ತವು 10,000ಕ್ಕೂ ಹೆಚ್ಚು. ಕೋರಮ್ ಅದನ್ನು ನೋಡಲು ಇರಲಿಲ್ಲ, 1751ರಲ್ಲೇ ತೀರಿಕೊಂಡಿದ್ದ.

ಸಾವಿಗೆ ಕಾರಣ ಕ್ರೌರ್ಯವಲ್ಲ. ಅಷ್ಟು ಕೂಸುಗಳಿಗೆ ಹಾಲೂಡುವವರಿರಲಿಲ್ಲ, ಬೆಚ್ಚಗಿಡುವವರಿರಲಿಲ್ಲ, ದಾರಿಯಲ್ಲೇ ಅರೆಜೀವವಾಗಿ ಬಂದವನ್ನು ಉಳಿಸುವ ವಿದ್ಯೆಯೂ ಇರಲಿಲ್ಲ. ಆಮೇಲೆ ಬಂದ ರಾಜಕಾರಣಿಗಳು ಈ ಸಾವುಗಳನ್ನು ತೋರಿಸಿ, ಬಾಗಿಲು ತೆರೆದದ್ದೇ ತಪ್ಪು ಎಂದು ವಾದಿಸಿದರು. ಆ ವಾದ ಅನ್ಯಾಯದ್ದು. ಬಾಗಿಲು ಮುಚ್ಚಿದರೆ ಸಾವು ಲೆಕ್ಕಕ್ಕೆ ಸಿಗದಂತಾಗುತ್ತಿತ್ತು, ಅಷ್ಟೇ.

ಫ್ರಾನ್ಸಿನಲ್ಲಿ ನೆಪೋಲಿಯನ್ 1811ರ ಜನವರಿ 19ರ ಆಜ್ಞೆಯಿಂದ ತಿರುಗುವ ಪೆಟ್ಟಿಗೆಗಳನ್ನು ಸರ್ಕಾರಿ ವ್ಯವಸ್ಥೆಯನ್ನಾಗಿ ಮಾಡಿದ. ಖರ್ಚು ಏರಿತು, ನೀತಿಯ ಮಾತು ಎದ್ದಿತು, ಶತಮಾನ ಮುಗಿಯುವ ಮೊದಲೇ ಅವು ಒಂದೊಂದಾಗಿ ಮುಚ್ಚಿದವು. ಇಟಲಿಯಲ್ಲಿ ಕೊನೆಯವು 1923ರವರೆಗೆ ಉಳಿದಿದ್ದವು.

ಭಾರತದಲ್ಲಿ ಈ ಬಾಗಿಲನ್ನು ಮೊದಲು ತೆರೆದವರಲ್ಲಿ ಜೋತಿಬಾ ಫುಲೆ ಮತ್ತು ಸಾವಿತ್ರಿಬಾಯಿ ಇದ್ದಾರೆ. ಬಾಲ್ಯದಲ್ಲೇ ಗಂಡನನ್ನು ಕಳೆದುಕೊಂಡು, ಸಮಾಜ ಮರುಮದುವೆಗೆ ಬಿಡದೆ, ಮನೆಯವರಿಂದಲೇ ಮೋಸಹೋಗಿ ಬಸುರಾದ ಹೆಣ್ಣುಮಕ್ಕಳಿಗೆ ಪುಣೆಯಲ್ಲಿ ಉಳಿದಿದ್ದ ದಾರಿ ಬಾವಿ, ಇಲ್ಲವೆ ಕೂಸಿನ ಕತ್ತು. 1863ರಲ್ಲಿ ಫುಲೆ ದಂಪತಿ ತಮ್ಮ ಮನೆಯಲ್ಲೇ ಬಾಲಹತ್ಯೆ ತಡೆಯುವ ಗೃಹ ತೆರೆದರು. ಗುಟ್ಟಾಗಿ ಬಂದು ಹೆರಿಗೆ ಮಾಡಿಸಿಕೊಳ್ಳಬಹುದು. ಕೂಸನ್ನು ಕರೆದುಕೊಂಡು ಹೋಗಬಹುದು, ಬಿಟ್ಟೂ ಹೋಗಬಹುದು. ಹಾಗೆ ಬಂದ ಕಾಶೀಬಾಯಿ ಎಂಬ ವಿಧವೆಯ ಮಗ ಯಶವಂತನನ್ನು ದಂಪತಿ ದತ್ತು ತೆಗೆದುಕೊಂಡರು, ಆತ ವೈದ್ಯನಾದ. ಯುರೋಪಿನ ಪೆಟ್ಟಿಗೆಗಳು ಹೆರಿಗೆ ಮುಗಿದ ಮೇಲೆ ಕೂಸಿಗಾಗಿ ಕಾಯುತ್ತಿದ್ದವು. ಫುಲೆಯವರ ಮನೆ ಹೆರಿಗೆಗೂ ಮೊದಲೇ ತಾಯಿಯನ್ನು ಒಳಗೆ ಕರೆಯಿತು. ಎಷ್ಟೋ ದೇಶಗಳು ಈ ತಿಳಿವಳಿಕೆಗೆ ಬಂದದ್ದು ಬಹಳ ತಡವಾಗಿ. ನ್ಯೂಯಾರ್ಕಿನಲ್ಲಿ ಕ್ಯಾಥೊಲಿಕ್ ಸನ್ಯಾಸಿನಿ ಸಿಸ್ಟರ್ ಐರೀನ್, ಬಿಟ್ಟುಹೋಗುವ ಕೂಸುಗಳಿಗೆಂದು ಮನೆಯ ಬಾಗಿಲಲ್ಲಿ ಬೆತ್ತದ ತೊಟ್ಟಿಲಿಟ್ಟದ್ದೇ 1869ರ ಅಕ್ಟೋಬರಿನಲ್ಲಿ.

ಆ ತೊಟ್ಟಿಲಿನಿಂದ, ಕೂಸನ್ನು ಇಸಿದುಕೊಳ್ಳುವ ಅಗ್ನಿಶಾಮಕ ಠಾಣೆಗೆ ಬರಲು ಅಮೆರಿಕಕ್ಕೆ ಸುಮಾರು ನೂರಮೂವತ್ತು ವರ್ಷ ಬೇಕಾಯಿತು. ನಡುವೆ ಎರಡು ಸಂಗತಿ ನಡೆದವು. 1952ರಲ್ಲಿ ನ್ಯೂಯಾರ್ಕಿನ ಅರಿವಳಿಕೆ ತಜ್ಞೆ ವರ್ಜೀನಿಯಾ ಆಪ್ಗಾರ್, ಹುಟ್ಟಿದ ಕೂಸಿನ ಬಣ್ಣ, ನಾಡಿ, ಕೆಣಕಿದರೆ ಮಿಸುಕುವ ರೀತಿ, ಸ್ನಾಯುವಿನ ಬಿಗಿ, ಉಸಿರು ಇವಿಷ್ಟನ್ನು ನೋಡಿ ತಲಾ ಎರಡರವರೆಗೆ ಅಂಕ ಕೊಡುವ ಕ್ರಮ ಹಾಕಿಕೊಟ್ಟರು. ಈ ಐದನ್ನು ಯಾರು ಬೇಕಾದರೂ ಕಲಿಯಬಹುದು, ವೈದ್ಯರೇ ಆಗಬೇಕಿಲ್ಲ.

ಎರಡನೆಯದು ಆಂಬುಲೆನ್ಸಿನದು. 1960ರ ದಶಕದವರೆಗೂ ಅಮೆರಿಕದ ಅನೇಕ ಊರುಗಳಲ್ಲಿ ಗಾಯಾಳುಗಳನ್ನು ಸಾಗಿಸುತ್ತಿದ್ದದ್ದು ಶವಸಂಸ್ಕಾರದ ಕಂಪನಿಗಳ ಗಾಡಿ, ಏಕೆಂದರೆ ಮಲಗಿಸಿ ಒಯ್ಯುವಷ್ಟು ಉದ್ದದ ವಾಹನ ಅವರ ಹತ್ತಿರವೇ ಇತ್ತು. 1967ರಲ್ಲಿ ಪಿಟ್ಸ್‌ಬರ್ಗಿನ ಕಪ್ಪು ಜನರ ಬಡಾವಣೆಯಲ್ಲಿ ಹುಟ್ಟಿದ ಫ್ರೀಡಂ ಹೌಸ್ ಆಂಬುಲೆನ್ಸ್ ಸೇವೆ ಚಿಕಿತ್ಸೆಯನ್ನು ಗಾಡಿಯೊಳಗೇ ತಂದಿತು. 1970ರಲ್ಲಿ ಕ್ಯಾಲಿಫೋರ್ನಿಯಾ ಪ್ಯಾರಾಮೆಡಿಕ್‌ಗಳಿಗೆ ಕಾನೂನಿನ ಮಾನ್ಯತೆ ಕೊಟ್ಟಿತು. ಲಾಸ್ ಏಂಜಲೀಸಿನ ಅಗ್ನಿಶಾಮಕ ದಳದವರು ಆ ತರಬೇತಿ ಪಡೆದರು. ಹಾಗಾಗಿ ಅಲ್ಲಿ ಬೆಂಕಿ ಆರಿಸುವ ಠಾಣೆ ಎಂದರೆ ಇಪ್ಪತ್ತನಾಲ್ಕು ಗಂಟೆ ದೀಪ ಉರಿಯುವ, ಹೆರಿಗೆ ಮಾಡಿಸಲೂ ಬಲ್ಲ ಜನರಿರುವ, ಪ್ರತಿ ಬಡಾವಣೆಗೂ ಹತ್ತಿರದ ಜಾಗ. 2001ರ ಜನವರಿ 1ರಿಂದ ಕ್ಯಾಲಿಫೋರ್ನಿಯಾದ ಶಿಶು ಒಪ್ಪಿಸುವ ಕಾನೂನು ಜಾರಿಗೆ ಬಂದಾಗ ಹೆಸರಿದ್ದದ್ದು ಆಸ್ಪತ್ರೆಗಳದು; ಕೌಂಟಿ ಆಡಳಿತ ಮಂಡಳಿಯ ಸದಸ್ಯ ಡಾನ್ ನೇಬ್ ಅವರ ಒತ್ತಾಯದಿಂದ ಲಾಸ್ ಏಂಜಲೀಸ್ ಕೌಂಟಿ ಅಗ್ನಿಶಾಮಕ ಠಾಣೆಗಳನ್ನೂ ಸೇರಿಸಿತು.

ಅಲ್ಲಿ ಕೂಸು ಕೈಗೆ ಬಂದ ಮೇಲೆ ಮೊದಲ ಕೆಲಸ ಕಾಗದದ್ದಲ್ಲ. ಒದ್ದೆ ಮೈಯನ್ನು ಒರೆಸುವುದು. ಹುಟ್ಟಿದ ಕೂಸು ಒದ್ದೆಯಾಗಿದ್ದರೆ ನಿಮಿಷಗಳಲ್ಲೇ ತಣ್ಣಗಾಗುತ್ತದೆ, ತಣ್ಣಗಾದರೆ ರಕ್ತದ ಸಕ್ಕರೆ ಇಳಿಯುತ್ತದೆ, ಉಸಿರು ಕುಂದುತ್ತದೆ. ಒಣ ಟವೆಲಿನಿಂದ ಬೆನ್ನು, ಅಂಗಾಲು ಉಜ್ಜಿದರೆ ಒರೆಸಿದಂತೆಯೂ ಆಯಿತು, ಅಳುವಂತೆ ಎಬ್ಬಿಸಿದಂತೆಯೂ ಆಯಿತು. ಒದ್ದೆ ಟವೆಲನ್ನು ಎಸೆದು ಇನ್ನೊಂದರಲ್ಲಿ ಸುತ್ತುತ್ತಾರೆ, ತಲೆಗೆ ಟೋಪಿ ಹಾಕುತ್ತಾರೆ. ಹೊಕ್ಕುಳಬಳ್ಳಿಯನ್ನು ದಾರದಲ್ಲೋ ಬೂಟಿನ ಲೇಸಿನಲ್ಲೋ ಕಟ್ಟಿರಬಹುದು, ಕಟ್ಟದೆಯೂ ಇರಬಹುದು. ಹೆರಿಗೆ ಕಿಟ್ಟಿನ ಪ್ಲಾಸ್ಟಿಕ್ ಕ್ಲಾಂಪನ್ನು ಅದಕ್ಕೆ ಹಾಕುತ್ತಾರೆ. ನಾಡಿ ನಿಮಿಷಕ್ಕೆ ನೂರಕ್ಕಿಂತ ಕೆಳಗಿದ್ದರೆ, ಉಸಿರಾಟ ಸರಿಯಿಲ್ಲದಿದ್ದರೆ, ಪುಟ್ಟ ಮಾಸ್ಕಿಟ್ಟು ಚೀಲದಿಂದ ಮೆಲ್ಲಗೆ ಗಾಳಿ ಕೊಡುತ್ತಾರೆ. ಅರುವತ್ತಕ್ಕಿಂತ ಕೆಳಗಿಳಿದು ಮೇಲೇಳದಿದ್ದರೆ ಎರಡು ಹೆಬ್ಬೆರಳುಗಳಿಂದ ಎದೆ ಒತ್ತುತ್ತಾರೆ. ಲಂಡನ್ನಿನ ಹತ್ತು ಸಾವಿರ ಕೂಸುಗಳಿಗೆ ಸಿಗದೆ ಹೋದ ಕೈಗಳು ಇಂಥವು.

ತಂದವಳೂ ರೋಗಿಯೇ. ಕೆಲವೇ ಗಂಟೆಗಳ ಹಿಂದೆ, ಬಚ್ಚಲುಮನೆಯಲ್ಲೋ ಕಾರಿನಲ್ಲೋ, ಯಾರ ನೆರವೂ ಇಲ್ಲದೆ ಹೆತ್ತಿರಬಹುದು. ಮಾಸು ಪೂರ್ತಿ ಬಿದ್ದಿಲ್ಲದಿರಬಹುದು, ರಕ್ತಸ್ರಾವ ನಿಲ್ಲದಿರಬಹುದು. ಆದ್ದರಿಂದ ಸಿಬ್ಬಂದಿ ಆಕೆಗೂ ಚಿಕಿತ್ಸೆ ನೀಡಲು ಮುಂದಾಗುತ್ತಾರೆ. ಬೇಡವೆಂದರೆ ತಡೆದು ನಿಲ್ಲಿಸುವುದಿಲ್ಲ, ಹಿಂಬಾಲಿಸುವುದಿಲ್ಲ, ಹೆಸರು ಕೇಳುವುದಿಲ್ಲ. ಕೂಸಿನ ಮೈಮೇಲೆ ಹಿಂಸೆಯ ಗುರುತಿದ್ದರೆ ಮಾತ್ರ ಪೊಲೀಸರ ಮಾತು. ಕ್ಯಾಲಿಫೋರ್ನಿಯಾದ ಕಾನೂನು ಹುಟ್ಟಿ 72 ಗಂಟೆ ಮೀರದ ಕೂಸಿಗೆ ಎಂದು ಬರೆದದ್ದು. ಕೂಸಿನ ಕಾಲಿಗೆ ಸಂಖ್ಯೆಯಿರುವ ಪಟ್ಟಿಯೊಂದನ್ನು ಕಟ್ಟಿ, ಅದೇ ಸಂಖ್ಯೆಯ ಇನ್ನೊಂದನ್ನು ತಾಯಿಯ ಕೈಗೆ ಕೊಡುತ್ತಾರೆ. 14 ದಿನದೊಳಗೆ ಮನಸ್ಸು ಬದಲಾದರೆ ಅದನ್ನು ತೋರಿಸಿ ಕೇಳಬಹುದು. ಫ್ಲಾರೆನ್ಸಿನ ಅರ್ಧ ಪದಕಕ್ಕೆ ಕಾನೂನಿನ ಬಲವಿರಲಿಲ್ಲ, ಇದಕ್ಕಿದೆ. ಜೊತೆಗೆ ಮನೆತನದ ಕಾಯಿಲೆಗಳ ಬಗ್ಗೆ ಪ್ರಶ್ನೆಗಳಿರುವ ಒಂದು ಹಾಳೆ, ಅಂಚೆಗೆ ಹಾಕಲು ಲಕೋಟೆ. ಹೆಸರು ಬರೆಯಬೇಕಿಲ್ಲ, ತುಂಬುವುದೂ ಬಿಡುವುದೂ ಆಕೆಯ ಇಷ್ಟ.

ಕಾನೂನು ಸಡಿಲವಾದರೆ ಏನಾಗುತ್ತದೆ ಎಂಬುದನ್ನು ನೆಬ್ರಾಸ್ಕ ತೋರಿಸಿತು. 2008ರ ಜುಲೈನಲ್ಲಿ ಜಾರಿಗೆ ಬಂದ ಅಲ್ಲಿನ ಕಾನೂನಿನಲ್ಲಿ ‘ಮಗು’ ಎಂದಷ್ಟೇ ಇತ್ತು, ವಯಸ್ಸು ಹೇಳಿರಲಿಲ್ಲ. ನಾಲ್ಕು ತಿಂಗಳಲ್ಲಿ 36 ಮಕ್ಕಳನ್ನು ಆಸ್ಪತ್ರೆಗಳಿಗೆ ತಂದುಬಿಟ್ಟರು. ಅವರಲ್ಲಿ ನವಜಾತ ಶಿಶು ಒಂದೂ ಇರಲಿಲ್ಲ. ಬಹಳಷ್ಟು ಜನ ಹದಿಹರೆಯದವರು. ಬೇರೆ ರಾಜ್ಯಗಳಿಂದ ಕಾರಿನಲ್ಲಿ ಕರೆತಂದವರೂ ಇದ್ದರು. ಹೆಂಡತಿಯನ್ನು ಕಳೆದುಕೊಂಡ ಒಬ್ಬ ತಂದೆ ಒಂದೇ ರಾತ್ರಿ ಒಂಬತ್ತು ಮಕ್ಕಳನ್ನು ಒಮಾಹದ ಆಸ್ಪತ್ರೆಯಲ್ಲಿ ಬಿಟ್ಟು ಹೋದ. ನವೆಂಬರಿನಲ್ಲಿ ವಿಶೇಷ ಅಧಿವೇಶನ ಕರೆದು ಮಿತಿಯನ್ನು 30 ದಿನಕ್ಕೆ ಇಳಿಸಿದರು. ಮಾನಸಿಕ ಕಾಯಿಲೆಯ ಮಕ್ಕಳನ್ನು ಹೊತ್ತು ದಾರಿ ಕಾಣದೆ ಕುಳಿತ ತಂದೆತಾಯಂದಿರು ಇಷ್ಟು ಮಂದಿ ಇದ್ದಾರೆಂದು ರಾಜ್ಯಕ್ಕೆ ಗೊತ್ತಾದದ್ದು ಹೀಗೆ. ಕಾನೂನನ್ನು ಸರಿಪಡಿಸಿದ ವೇಗದಲ್ಲಿ ಅವರ ಕಷ್ಟವನ್ನು ಯಾರೂ ಸರಿಪಡಿಸಲಿಲ್ಲ.

ಮುಖಾಮುಖಿ ಕೊಡಲೂ ಅಂಜುವವರಿಗೆಂದು ಗೋಡೆಯ ಪೆಟ್ಟಿಗೆ ಮತ್ತೆ ಬಂದಿದೆ. ಹುಟ್ಟಿದ ಕೂಡಲೇ ತಾಯಿ ಬಿಟ್ಟುಹೋಗಿದ್ದ ಮೋನಿಕಾ ಕೆಲ್ಸಿ ಮುಂದೆ ಅಗ್ನಿಶಾಮಕ ದಳ ಸೇರಿ ಮೆಡಿಕ್ ಆದವರು. ದಕ್ಷಿಣ ಆಫ್ರಿಕದ ಕೇಪ್‌ಟೌನಿನ ಚರ್ಚೊಂದರ ಗೋಡೆಯಲ್ಲಿ ಇಂಥ ಪೆಟ್ಟಿಗೆ ನೋಡಿ ಬಂದು, 2016ರ ಏಪ್ರಿಲಿನಲ್ಲಿ ಇಂಡಿಯಾನಾದ ವುಡ್‌ಬರ್ನ್ ಅಗ್ನಿಶಾಮಕ ಠಾಣೆಯಲ್ಲಿ ಮೊದಲನೆಯದನ್ನು ಇಡಿಸಿದರು. ಬಾಗಿಲು ತೆರೆದರೆ ಅಲಾರಂ. ಕೂಸನ್ನು ಮಲಗಿಸಿದರೆ ಇನ್ನೊಂದು. ಮುಚ್ಚಿದ ಬಾಗಿಲು ಹೊರಗಿನಿಂದ ಮತ್ತೆ ತೆರೆಯದು, ಒಳಗಿನ ಬಿಸುಪು ಹದವಾಗಿರುತ್ತದೆ, ನಿಮಿಷಗಳಲ್ಲಿ ಸಿಬ್ಬಂದಿ ಒಳಗಡೆಯಿಂದ ಎತ್ತಿಕೊಳ್ಳುತ್ತಾರೆ. ಇಂಥ ಪೆಟ್ಟಿಗೆಗಳು ಈಗ ಅಮೆರಿಕದಲ್ಲಿ 200ಕ್ಕೂ ಹೆಚ್ಚಿವೆ. ವಿರೋಧವೂ ಗಟ್ಟಿಯಾಗಿದೆ. ಪೆಟ್ಟಿಗೆ ತಾಯಿಯ ರಕ್ತಸ್ರಾವ ನಿಲ್ಲಿಸುವುದಿಲ್ಲ. ಆಕೆಯನ್ನು ಯಾರಾದರೂ ಬಲವಂತ ಮಾಡಿದರೇ ಎಂದು ವಿಚಾರಿಸುವುದಿಲ್ಲ. ಕೂಸು ತನ್ನ ಮೂಲವನ್ನು ಎಂದೂ ತಿಳಿಯದಂತೆ ಮಾಡುತ್ತದೆ. ಈ ಮಾತುಗಳಲ್ಲಿ ಹುರುಳಿದೆ. ಮನುಷ್ಯರು ಎದುರು ನಿಂತು ಇಸಿದುಕೊಳ್ಳುವುದೇ ತಾಯಿಗೂ ಕೂಸಿಗೂ ಲೇಸು.

ನಮ್ಮ ಕಾನೂನು ಮನುಷ್ಯರ ದಾರಿಯನ್ನೇ ಹಿಡಿದಿದೆ, ಕೊಂಚ ಹೆಚ್ಚೇ ಎನ್ನುವಷ್ಟು. ತೊಟ್ಟಿಲಿನ ದಾರಿಯೂ ನಮಗೆ ಹೊಸದಲ್ಲ: 1992ರಲ್ಲಿ ತಮಿಳುನಾಡು ಹೆಣ್ಣುಶಿಶು ಹತ್ಯೆ ತಡೆಯಲು ಸೇಲಂನಲ್ಲಿ ತೊಟ್ಟಿಲು ಯೋಜನೆ ತಂದಿತ್ತು. ಆದರೆ 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ, ಮಗುವನ್ನು ಸಾಕಲಾಗದ ಹೆತ್ತವರು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರಾಗಿ, ಆಪ್ತಸಮಾಲೋಚನೆ ಮುಗಿಸಿ, ಪತ್ರ ಬರೆದುಕೊಟ್ಟು ಒಪ್ಪಿಸಬಹುದು. ಮನಸ್ಸು ಬದಲಿಸಲು ಎರಡು ತಿಂಗಳ ಅವಕಾಶವಿದೆ. ಬಿಟ್ಟುಹೋದ ಕೂಸು ಸಿಕ್ಕವರು 24 ಗಂಟೆಯೊಳಗೆ ವಿಷಯ ತಿಳಿಸಬೇಕು. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದರೂ ಸಾಕು. ಕೈಮೀರಿದ ಪರಿಸ್ಥಿತಿಯಿಂದ ಹೆತ್ತವರು ಬಿಟ್ಟಿದ್ದರೆ ಅದನ್ನು ಬೇಕೆಂದೇ ಮಾಡಿದ್ದೆಂದು ಭಾವಿಸಬಾರದು ಎಂದು 75ನೇ ಕಲಮು ಹೇಳುತ್ತದೆ. ಆದರೂ ಯಾದಗಿರಿಯ ಹಳ್ಳಿಯಲ್ಲಿ ಗುಟ್ಟಾಗಿ ಹೆತ್ತ ಹದಿನೆಂಟರ ಹುಡುಗಿ ಜಿಲ್ಲಾ ಕೇಂದ್ರದ ಸಮಿತಿಯ ಮೇಜಿನ ಮುಂದೆ ತಾನಾಗಿ ಹೋಗಿ ನಿಲ್ಲುವುದು ಎಷ್ಟು ಕಷ್ಟ ಎಂದು ಬಿಡಿಸಿ ಹೇಳಬೇಕಿಲ್ಲ. 2008ರ ನವೆಂಬರ್ 1ರಿಂದ ಕರ್ನಾಟಕದಲ್ಲಿ ಓಡಾಡುತ್ತಿರುವ 108 ಆಂಬುಲೆನ್ಸಿನಲ್ಲಿ ಹೆರಿಗೆ ಮಾಡಿಸಿದ ಅನುಭವದ ಸಿಬ್ಬಂದಿ ಇದ್ದಾರೆ. ಕೂಸನ್ನು ನೇರವಾಗಿ ಅವರ ಕೈಗೆ ಒಪ್ಪಿಸುವ ದಾರಿಯನ್ನು ಕಾನೂನು ತೆರೆದಿಟ್ಟರೆ ಸಮಿತಿಯ ಕೆಲಸ ಆಮೇಲೂ ನಡೆಯುತ್ತದೆ.

ತಾಯಿಯ ಗುಟ್ಟು, ಮಗುವಿನ ಹಕ್ಕು ಎರಡನ್ನೂ ಕಾಯಲು ಜರ್ಮನಿ ಒಂದು ಉಪಾಯ ಹುಡುಕಿದೆ. 2000ದಲ್ಲಿ ಹ್ಯಾಂಬರ್ಗಿನಿಂದ ಶುರುವಾಗಿ ಅಲ್ಲೂ ಗೋಡೆಯ ಪೆಟ್ಟಿಗೆಗಳು ಹರಡಿದ್ದವು. 2009ರಲ್ಲಿ ದೇಶದ ನೀತಿ ಮಂಡಳಿ ಅವು ಬೇಡ ಎಂದಿತು. 2014ರ ಮೇ 1ರಿಂದ ಗೋಪ್ಯ ಹೆರಿಗೆಯ ಕಾನೂನು ಬಂತು. ಹೆಂಗಸು ಸುಳ್ಳು ಹೆಸರಿನಲ್ಲಿ ಆಸ್ಪತ್ರೆ ಸೇರಬಹುದು, ಹೆರಿಗೆಯನ್ನು ವೈದ್ಯರೇ ನೋಡಿಕೊಳ್ಳುತ್ತಾರೆ, ಖರ್ಚು ಸರ್ಕಾರದ್ದು. ಆಕೆಯ ನಿಜವಾದ ಹೆಸರನ್ನು ಸಲಹೆಗಾರ್ತಿ ಒಬ್ಬಳೇ ನೋಡಿ, ಲಕೋಟೆಗೆ ಹಾಕಿ, ಮುದ್ರೆ ಒತ್ತಿ, ಸರ್ಕಾರಿ ಕಚೇರಿಗೆ ಕಳಿಸುತ್ತಾಳೆ. ಮಗುವಿಗೆ 16 ತುಂಬಿದಾಗ ಲಕೋಟೆಯನ್ನು ಕೇಳಬಹುದು; ಜೀವಕ್ಕೆ ಅಪಾಯವಿದೆಯೆಂದು ತಾಯಿ ಆಕ್ಷೇಪಿಸಿದರೆ ಕೋರ್ಟು ತೀರ್ಮಾನಿಸುತ್ತದೆ. ಈ ಕಾನೂನಿನಡಿ ಮೊದಲು ಹುಟ್ಟಿದ ಮಕ್ಕಳಿಗೆ ಆ ಹಕ್ಕು ಬರುವುದು 2030ರಲ್ಲಿ.